ಖಾಲಿ ಹೋಗದ ವ್ಯಾನು

ಅಕ್ಕನ ವ್ಯಾನಿನ ಹಿಂದಿನ ಬಾಗಿಲನ್ನು ಕಬ್ಬಿಣದ ಸಲಾಕೆ ಹಾಕಿ ಮೀಟಿ ತೆಗೆದಾಗ ಮೊದಲು ಹೊರಗೆ ಬಂದದ್ದು ಒಂದು ಬೆಕ್ಕು. ಮಧ್ಯಾಹ್ನದ ನಿದ್ದೆ ಕೆಡಿಸಿದವರನ್ನು ನೋಡುವಂತೆ ನನ್ನನ್ನೂ ಅಕ್ಕನ ಮಗಳನ್ನೂ ಒಂದು ಸಲ ನೋಡಿತು. ಮೈಮುರಿಯಿತು. ಆಮೇಲೆ ಚಾಳಿನ ಅಂಗಳ ದಾಟಿ ನೀರಿನ ಟಾಕಿಯ ನೆರಳಿಗೆ ಹೋಗಿ ಕೂತಿತು.

"ಮಾಮಾ, ಒಳಗ ಫುಲ್ ಜಂಗಲ್ ಆಗ್ಯದ," ಎಂದಳು ಅಕ್ಕನ ಮಗಳು. ಅವಳಿಗೆ ಮದುವೆಯಾಗಿ ಮುಂಬಯಿಯ ಅಂಚಿನ ಮುಲುಂಡಿನಲ್ಲಿ ಮನೆ. ಅವಳ ಕನ್ನಡದಲ್ಲಿ ಅರ್ಧ ಹಿಂದಿ, ಕಾಲು ಇಂಗ್ಲಿಷು. ಮಾತು ಮುಗಿಸುವ ರೀತಿ ಮಾತ್ರ ಅವಳ ತಾಯಿಯದೇ.

ಅಕ್ಕ ತೀರಿಕೊಂಡು ಆಗ ಹತ್ತು ತಿಂಗಳಾಗಿತ್ತು. ವ್ಯಾನು ನಿಂತು ಏಳು ವರ್ಷ.

ನಾವು ವಿಜಯಪುರದ ಕಡೆಯವರು. ಅಕ್ಕ ಮದುವೆಯಾಗಿ ಮುಂಬಯಿಗೆ ಬಂದಳು. ಭಾವ ಬಂದರಿನಲ್ಲಿ ಸಾಮಾನು ಇಳಿಸುವ ಕೆಲಸದಲ್ಲಿದ್ದರು. ವಡಾಲದ ಈ ಚಾಳಿನ ಎರಡನೇ ಮಾಳಿಗೆಯ ಒಂದು ಖೋಲಿಯಲ್ಲಿ ಸಂಸಾರ. ನನಗೆ ಹನ್ನೆರಡು ವರ್ಷವಾದಾಗ ಓದಿಸುತ್ತೇನೆಂದು ಕರೆಸಿಕೊಂಡಳು. ನಾನು ಹತ್ತನೆಯವರೆಗೆ ಓದಿದೆ. ಮುಂದೆ ಪರೇಲಿನ ಆಸ್ಪತ್ರೆಯೊಂದರ ಲಾಂಡ್ರಿಯಲ್ಲಿ ಕೆಲಸ ಸಿಕ್ಕಿತು, ಅಲ್ಲಿಂದಲೇ ನಿವೃತ್ತನಾದೆ. ಮದುವೆಯಾಗಲಿಲ್ಲ. ಅದಕ್ಕೆ ದೊಡ್ಡ ಕಾರಣವೇನೂ ಇಲ್ಲ, ಆಗಲಿಲ್ಲ ಅಷ್ಟೆ. ಭಾವ ಬೇಗ ಹೋದರು. ಮಗಳು ಆಗಿನ್ನೂ ಸಣ್ಣವಳು. ಅಕ್ಕ ಒಂದು ಒಲೆ ಹಚ್ಚಿ ಜೋಳದ ರೊಟ್ಟಿ ಬಡಿಯಲು ಕೂತಳು.

ಆ ವರ್ಷಗಳಲ್ಲಿ ಪರೇಲಿನ ಹಳೆಯ ಗಿರಣಿಗಳನ್ನು ಕೆಡವಿ ಎತ್ತರದ ಕಟ್ಟಡ ಎಬ್ಬಿಸುತ್ತಿದ್ದರು. ಕಟ್ಟುವ ಜನರಲ್ಲಿ ಬಹಳ ಮಂದಿ ನಮ್ಮ ಕಡೆಯವರೇ. ಇಲ್ಲಿಯ ಪಾವು ಬ್ರೆಡ್ಡಿನಿಂದ ಅವರಿಗೆ ಹೊಟ್ಟೆ ತುಂಬುತ್ತಿರಲಿಲ್ಲ. ಅಕ್ಕ ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಪುಂಡಿಪಲ್ಯ ಬುಟ್ಟಿಯಲ್ಲಿ ಹೊತ್ತು ಒಯ್ದಳು. ಬುಟ್ಟಿ ಸಾಲದಾಯಿತು. ಬಿಸ್ಕತ್ತಿನ ಕಂಪನಿಯೊಂದು ಬೇಡವೆಂದು ಬಿಟ್ಟಿದ್ದ ಹಳೆಯ ಕಾಲದ ಡೀಸೆಲ್ ವ್ಯಾನು ಕೊಂಡಳು. ದುಂಡು ಮೋರೆ, ದುಂಡು ದೀಪ, ಎರಡು ಸೀಟಿನ ನಡುವೆ ಡಬ್ಬದೊಳಗೆ ಇಂಜಿನ್ನು. ನಡೆಸುವುದನ್ನು ಕಲಿತಳು. ಚಾಳಿನ ಗಂಡಸರು ನಗುತ್ತಿದ್ದರು, ಆಮೇಲೆ ಅದೇ ಗಂಡಸರು ದಾದರಿನ ತನಕ ಬಿಡು ತಾಈ ಅಂತ ಹತ್ತಿ ಕೂರುತ್ತಿದ್ದರು. ಚಾಳಿಗೆಲ್ಲ ಅವಳು ತಾಈ, ಮರಾಠಿಯಲ್ಲಿ ಅಕ್ಕ. ನಾನು ನಡೆಸಲು ಕಲಿಯಲಿಲ್ಲ. ನನ್ನ ಜಾಗ ಎಡಗಡೆಯ ಸೀಟು. ಇಂಜಿನ್ನಿನ ಬಿಸಿಗೆ ಒಂದು ಮೊಣಕಾಲು ಸದಾ ಬೆಚ್ಚಗಿರುತ್ತಿತ್ತು.

ಒಂದು ನೇಮ ಮಾತ್ರ ಅಕ್ಕ ಎಂದೂ ಬಿಟ್ಟವಳಲ್ಲ. ನಮ್ಮ ಕಡೆ ನೆರೆಮನೆಯಿಂದ ಬಂದ ಡಬ್ಬಿಯನ್ನು ಖಾಲಿ ಹಿಂದೆ ಕೊಡುವುದಿಲ್ಲ. ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯಾದರೂ ಹಾಕುತ್ತಾರೆ. ಅಕ್ಕ ಈ ಪದ್ಧತಿಯನ್ನು ವ್ಯಾನಿಗೂ ಹಚ್ಚಿದಳು. ಖಾಲಿ ಗಾಡಿ ಗೇಟು ದಾಟಬಾರದು. ರಿಪೇರಿಗೆ ಒಯ್ಯುವಾಗಲೂ ಹಿಂದೆ ರೊಟ್ಟಿಯ ಒಂದು ಗಂಟು ಇರಲೇಬೇಕು. ಅದು ಮೇಸ್ತ್ರಿಯ ಮನೆಗೆ ಹೋಗುತ್ತಿತ್ತು.

ಮಂಡಿನೋವು ಬಂದು ಬ್ರೇಕು ತುಳಿಯುವುದು ಕಷ್ಟವಾದಾಗ ವ್ಯಾನನ್ನು ಅಂಗಳದ ನಡುವೆ ನಿಲ್ಲಿಸಿ ಕೀಲಿಯನ್ನು ದೇವರ ಜಗಲಿಯ ಮೇಲಿಟ್ಟಳು. ನಿಲ್ಲಿಸಿದ ದಿನ ನನಗೆ ಹೇಳಿದ್ದು ಇಷ್ಟೇ: "ಇದನ್ನ ಯಾರೂ ಹಗ್ಗ ಕಟ್ಟಿ ಎಳೀಬಾರದು ನೋಡು. ಹೋಗೂದಾದ್ರ ತನ್ನ ಕಾಲ ಮ್ಯಾಲೆ ಹೋಗ್ಲಿ." ಹಿಂದೊಮ್ಮೆ ಪರೇಲಿನ ಸೇತುವೆಯ ಮೇಲೆ ಗಾಡಿ ಕೆಟ್ಟು ನಿಂತಿತ್ತು. ಲಾರಿಯೊಂದಕ್ಕೆ ಹಗ್ಗ ಕಟ್ಟಿ ಎಳೆದು ತಂದಿದ್ದರು. ದಾರಿಯುದ್ದಕ್ಕೂ ಜನ ನಕ್ಕಿದ್ದರು. "ಹಗ್ಗ ಹಾಕ್ಕೊಂಡು ಬರಾಕ ಇದೇನು ಎಮ್ಮಿ ಏನು?" ಎಂದು ಆ ಅವಮಾನವನ್ನು ವರ್ಷಗಟ್ಟಲೆ ನೆನೆಯುತ್ತಿದ್ದಳು. ಅಕ್ಕನಿಗೆ ಕೊನೆಗೆ ಬಂದದ್ದು ಎರಡು ದಿನದ ಜ್ವರ. ಆಸ್ಪತ್ರೆಗೆ ಹೊರಟಾಗ ಕುರ್ಚಿಯಲ್ಲಿ ಕೂರಿಸಿ ಇಳಿಸುತ್ತೇವೆಂದರೆ ಕೇಳಲಿಲ್ಲ. ಕಟಕಟೆ ಹಿಡಿದು ಒಂದೊಂದೇ ಮೆಟ್ಟಿಲು ತಾನೇ ಇಳಿದಳು. ವ್ಯಾನಿನ ಪಕ್ಕದಲ್ಲಿ ಹಾಯುವಾಗ ಅದರ ಮೇಲೆ ಒಂದು ಸಲ ಕೈಯಾಡಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಮರಳಿ ಬರಲಿಲ್ಲ.

ಈಗ ಚಾಳು ಕೆಡವಿ ಹೊಸ ಬಿಲ್ಡಿಂಗು ಕಟ್ಟುವುದೆಂದು ನಿಶ್ಚಯವಾಗಿತ್ತು. ತಿಂಗಳ ಕೊನೆಗೆ ಎಲ್ಲರೂ ಖಾಲಿ ಮಾಡಬೇಕು. ಸಾಮಾನು ಸಾಗಿಸುವ ಟೆಂಪೋಗಳು ಅಂಗಳದಲ್ಲಿ ತಿರುಗಬೇಕಾದರೆ ಮೊದಲು ವ್ಯಾನು ಹೋಗಬೇಕು. ಬಿಲ್ಡರನ ಸೂಪರ್‌ವೈಜರ್ ಒಳ್ಳೆಯ ಮನುಷ್ಯ. "ಕಾಕಾ, ಚಿಂತೆ ಬಿಡಿ. ನಮ್ಮ ಟ್ರಕ್ಕಿಗೆ ಹಗ್ಗ ಕಟ್ಟಿದರೆ ಐದು ನಿಮಿಷದ ಕೆಲಸ. ಹಳೇ ಕಬ್ಬಿಣ ಕೊಳ್ಳುವ ಭಂಗಾರದವನು ಹೊರಗೇ ಇರುತ್ತಾನೆ," ಎಂದು ಹಿಂದಿಯಲ್ಲಿ ಹೇಳಿದ. ಸಹಾಯ ಮಾಡುವ ಮನಸ್ಸಿನಿಂದಲೇ ಹೇಳಿದ. ಹಗ್ಗ ಎಂಬ ಮಾತು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಮುಲುಂಡಿಗೆ ಫೋನು ಮಾಡಿದೆ.

"ಅವ್ವನ ಗಾಡಿ ಭಂಗಾರಕ್ಕ? ಏನ್ ಮಾಮಾ ನೀನು! ನಮ್ಮ ಸೊಸೈಟಿಯಾಗ ಪಾರ್ಕಿಂಗ್ ಅದ. ನಾ ಚಲಾಯಿಸ್ಕೊಂಡು ತರ್ತೀನಿ. ಅವ್ವನೇ ಕಲಿಸ್ಯಾಳ ನನಗ," ಎಂದಳು ಅಕ್ಕನ ಮಗಳು, ನನ್ನ ಸೋದರಸೊಸೆ. ಮರುದಿನವೇ ಬಂದಳು. ಹೀಗೆ ಬಾಗಿಲು ತೆಗೆದದ್ದು, ಬೆಕ್ಕು ಎದ್ದು ಹೋದದ್ದು.

ಡ್ಯಾಶ್‌ಬೋರ್ಡಿನ ಸಂದಿಯಲ್ಲಿ ಒಂದು ಅರಳಿಯ ಸಸಿ ಗೇಣುದ್ದ ಬೆಳೆದಿತ್ತು. ರೊಟ್ಟಿ ಸುತ್ತುವ ಬಟ್ಟೆಗಳನ್ನು ಚೂರು ಮಾಡಿ ಇಲಿಗಳು ಸೀಟಿನೊಳಗೆ ಹಾಸಿಗೆ ಹಾಸಿಕೊಂಡಿದ್ದವು. ನೆಲದ ಗೀರುಗಳಲ್ಲಿ ವರ್ಷಗಳ ಜೋಳದ ಹಿಟ್ಟು ಕೂತು ಗಟ್ಟಿಯಾಗಿತ್ತು. ನಾನು ಮೇಲಿನಿಂದ ಬ್ರಷ್ಷು ತರುವಷ್ಟರಲ್ಲಿ ಸೊಸೆ ಎರಡು ಬಕೆಟ್ ಕುದಿನೀರು ಸುರಿದುಬಿಟ್ಟಿದ್ದಳು.

"ಬಿಸಿನೀರು ಹಾಕಿದಿ ಏನು?"

"ಕ್ಲೀನ್ ಆಗ್ಲಿ ಅಂತ..."

"ಹಿಟ್ಟಿಗೆ ಬಿಸಿನೀರು ಹಾಕಿದ್ರ ಏನಾಗ್ತದ?"

ಅವಳು ಕೆಳಗೆ ನೋಡಿದಳು. ನೆಲವೆಲ್ಲ ಅಂಬಲಿ. ಅವಳ ಚಪ್ಪಲಿ ಅದರಲ್ಲಿ ಅಂಟಿಕೊಂಡು, ಕಾಲೆತ್ತಿದರೆ ಕಾಲು ಮಾತ್ರ ಬಂತು. ಹತ್ತು ತಿಂಗಳಲ್ಲಿ ನಾವಿಬ್ಬರೂ ಗಟ್ಟಿಯಾಗಿ ನಕ್ಕಿದ್ದು ಅದೇ ಮೊದಲು. ಆಮೇಲೆ ನಾನು ನನ್ನ ಲಾಂಡ್ರಿಯ ವಿದ್ಯೆ ತೆಗೆದೆ. ಗಂಜಿಯ ಕಲೆಗೆ ತಣ್ಣೀರು, ಎಣ್ಣೆಯ ಕಲೆಗೆ ಸೋಡಾ, ತುಕ್ಕಿಗೆ ಲಿಂಬೆ ಮತ್ತು ಉಪ್ಪು. ಆಸ್ಪತ್ರೆಯಲ್ಲಿ ಸಾವಿರಾರು ಚಾದರದ ಮೇಲೆ ಮಾಡಿದ್ದನ್ನು ಇಲ್ಲಿ ತಗಡಿನ ಮೇಲೆ ಮಾಡಿದೆ. ಸಾಬೂನಿನ ನೊರೆಯ ಕೆಳಗಿನಿಂದ ವ್ಯಾನಿನ ಆಕಾಶನೀಲಿ ಬಣ್ಣ ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಂತು.

ಮೂರನೆಯ ದಿನ, ಹಿಂಭಾಗದ ಮರದ ಹಲಗೆಯ ಕೆಳಗೆ, ಗೋಣಿತಾಟಿನ ಮರೆಯಲ್ಲಿ ಡಬ್ಬಿಗಳು ಸಿಕ್ಕವು. ಸ್ಟೀಲಿನವು, ಹನ್ನೊಂದು. ಒಂದೊಂದರ ತಳದಲ್ಲಿ ಚುಕ್ಕಿಚುಕ್ಕಿಯಾಗಿ ಕೊರೆಸಿದ ಹೆಸರು, ಎಲ್ಲ ಚಾಳಿನ ಮನೆಗಳವು. ಎಲ್ಲವೂ ತೊಳೆದು ಒರೆಸಿಟ್ಟವು, ಎಲ್ಲವೂ ಖಾಲಿ.

ನನಗೆ ನೋಡಿದ ಕೂಡಲೇ ತಿಳಿಯಿತು. ಏನಾದರೂ ತುಂಬಿ ಕೊಡಬೇಕೆಂದು ಇಟ್ಟುಕೊಂಡಿದ್ದಾಳೆ. ಮಂಡಿ ಕೆಟ್ಟು, ಒಲೆ ಆರಿ, ತುಂಬುವುದು ಹಿಂದೆ ಬಿದ್ದಿದೆ. ಖಾಲಿ ಕೊಡಲು ಮನಸ್ಸಾಗದೆ ಹಲಗೆಯ ಕೆಳಗೆ ಬಚ್ಚಿಟ್ಟಿದ್ದಾಳೆ. ಯಾರಾದರೂ ಡಬ್ಬಿ ಕೇಳಿದರೆ "ನೋಡ್ತೀನಿ, ನೋಡ್ತೀನಿ" ಎನ್ನುತ್ತಿದ್ದದ್ದು ಈಗ ಅರ್ಥವಾಯಿತು.

ನಾನು ಶೇಂಗಾ ಹುರಿದೆ. ಮೊದಲ ಸಲ ಸೀದು ಹೋಯಿತು, ಆ ವಾಸನೆಗೆ ಮೂರು ಮನೆಯವರು ಬಾಗಿಲಿಗೆ ಬಂದರು. ಎರಡನೇ ಸಲ ಖಾರ ಹೆಚ್ಚಾಯಿತು. ಮೂರನೇ ಸಲದ್ದನ್ನು ತುಂಬಿಕೊಂಡು ಬಾಗಿಲು ಬಾಗಿಲಿಗೆ ಹೋದೆ. ನಾನು ಮಾತು ಕಡಿಮೆಯವನು. ಈ ಚಾಳಿನಲ್ಲಿ ಐವತ್ತು ವರ್ಷವಿದ್ದೂ ಅರ್ಧ ಮನೆಗಳ ಒಳಗೆ ಕಾಲಿಟ್ಟವನಲ್ಲ. ಎಲ್ಲ ಮಾತೂ ಅಕ್ಕನದೇ ಆಗಿತ್ತು. "ಅಕ್ಕನ ಕಡೆಯಿಂದ" ಎಂದು ಡಬ್ಬಿ ಮುಂದೆ ಹಿಡಿದೆ. ಒಳಗೆ ಕರೆದು ಕೂರಿಸಿದರು, ಚಹಾ ಕೊಟ್ಟರು, ಅಕ್ಕನ ಕಥೆ ಹೇಳಿದರು. ಕೆಲವು ನನಗೇ ಗೊತ್ತಿರಲಿಲ್ಲ.

ಮೂರನೇ ಮಾಳಿಗೆಯ ಮರಾಠಿ ಆಜಿ ಡಬ್ಬಿಯನ್ನು ತಿರುಗಿಸಿ ತಳ ನೋಡಿದಳು. ನಲವತ್ತು ವರ್ಷ ಅಕ್ಕನ ಜೊತೆಗಿದ್ದು ಅವಳಿಗೆ ಒಂದು ಬಗೆಯ ಕನ್ನಡ ಬರುತ್ತಿತ್ತು.

"ಅರೇ, ಇದು ನನ್ನ ಡಬ್ಬಾ! ಇದರ ಸಲುವಾಗಿ ನನ್ನ ಸೊಸೀಗೆ ಏಳು ವರ್ಷ ಬೈದೆ. ತವರುಮನಿಗೆ ಕದ್ದು ಕೊಟ್ಟಿ ಅಂದೆ."

"ಈಗ ಅವರಿಗೆ ಹೇಳ್ರಿ, ಸಿಕ್ಕಿತು ಅಂತ."

"ಹುಚ್ಚ ಏನು ನೀನು? ಈಗ ಹೇಳಿದ್ರ ಆಕಿ ನನಗ ಏಳು ವರ್ಷ ಬೈತಾಳ. ಅಷ್ಟು ದಿನ ನಾ ಇರಬೇಕಲ್ಲಾ!" ಎಂದು ಡಬ್ಬಿಯನ್ನು ಸೀರೆಯ ಸೆರಗಿನ ಕೆಳಗೆ ಮುಚ್ಚಿಕೊಂಡಳು.

ಮರುದಿನದಿಂದ ಜನ ವ್ಯಾನಿನ ಹತ್ತಿರ ಬರತೊಡಗಿದರು. ಒಬ್ಬರು ಹರಿದ ಸೀಟು ಹೊಲಿದು ಕೊಟ್ಟರು. ಒಬ್ಬರು ಮನೆಗೆ ಬಳಿದು ಉಳಿದ ಬಣ್ಣ ತಂದರು, ಬಣ್ಣ ಬೇರೆ ಇದ್ದದ್ದರಿಂದ ಒಳಗೆ ಬಳಿದೆವು. ಹೀಗಾಗಿ ವ್ಯಾನು ಹೊರಗೆ ನೀಲಿ, ಒಳಗೆ ಯಾರದೋ ಅಡುಗೆಮನೆಯ ಹಳದಿ.

ಇಂಜಿನ್ನು ನೋಡಲು ಅಕ್ಕನ ಹಳೆಯ ಮೇಸ್ತ್ರಿ ಬಂದರು. ಅವರೂ ವಿಜಯಪುರದವರು, ಮನೆಯಲ್ಲಿ ದಖ್ಖನಿ ಮಾತಾಡುವ ಮುಸಲ್ಮಾನರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಡಬ್ಬದ ಮುಚ್ಚಳ ತೆಗೆದು ಬಹಳ ಹೊತ್ತು ಕಿವಿಯಿಟ್ಟು ಕೂತರು. ಓಡದ ಇಂಜಿನ್ನಿನಲ್ಲಿ ಏನು ಕೇಳುತ್ತಿದ್ದರೋ.

"ಸತ್ತಿಲ್ಲ ಬಿಡ್ರಿ ಅಣ್ಣಾರ. ಸಿಟ್ಟು ಮಾಡ್ಕೊಂಡು ಕುಂತದ ಅಷ್ಟ. ಏಳು ವರ್ಷ ಯಾರೂ ಮಾತಾಡಿಸಿಲ್ಲ ನೋಡ್ರಿ."

ಡೀಸೆಲ್ ಟಾಕಿ ತೊಳೆದರು, ಬ್ಯಾಟರಿಯನ್ನೂ ಪೈಪುಗಳನ್ನೂ ಬ್ರೇಕಿನ ರಬ್ಬರುಗಳನ್ನೂ ಬದಲಿಸಿದರು. ಆಮೇಲೆ ಗಾಡಿಯ ಕೆಳಗೆ ಮಲಗಿ, ಭಾರ ಹೊರುವ ಕಮಾನುಪಟ್ಟಿಗಳನ್ನು ಬಡಿದು ನೋಡಿದರು. "ಇವು ಭಾರ ಹೊತ್ತು ಹೊತ್ತು ರೊಟ್ಟಿ ಹಂಗ ಚಪ್ಪಟಿ ಆಗ್ಯಾವ. ಮುಲುಂಡ ತನಕ ಹೋಗಾಕ ಸಾಕು. ಇರ್ಲಿ ಏನು?"

ನಾನು ಬೇಡವೆಂದೆ. ಜೀವಮಾನವೆಲ್ಲ ಬಗ್ಗಿ ನಿಂತ ಗಾಡಿ, ಇನ್ನಾದರೂ ನೆಟ್ಟಗೆ ನಿಲ್ಲಲಿ, ಹೊಸ ಪಟ್ಟಿ ಹಾಕಿರಿ, ಟಯರೂ ಹೊಸವು ಹಾಕಿರಿ ಎಂದೆ. ಮೇಸ್ತ್ರಿ ನನ್ನ ಮುಖ ನೋಡಿ, ಪಾನಾ ಎತ್ತಿಕೊಂಡು ಮತ್ತೆ ಗಾಡಿಯ ಕೆಳಗೆ ಸರಿದರು.

ಹೊಸ ಪಟ್ಟಿ, ಹೊಸ ಟಯರು ಹಾಕಿದ ದಿನ ವ್ಯಾನು ಒಂದು ಗೇಣು ಎದ್ದು ನಿಂತಿತು. ನನಗೆ ಹೆಮ್ಮೆಯೋ ಹೆಮ್ಮೆ. ಮರುದಿನ ಬೆಳಿಗ್ಗೆ ಸೊಸೆ ಕೀಲಿ ತಿರುಗಿಸಿದಳು. ಮೊದಲು ಕೆಮ್ಮು, ಮತ್ತೆ ಕೆಮ್ಮು, ಆಮೇಲೆ ಒಂದು ಮುದ್ದೆ ಕಪ್ಪು ಹೊಗೆ, ಅದರ ಹಿಂದೆಯೇ ಆ ಹಳೆಯ ಧಡಧಡ ಸದ್ದು. ಗ್ಯಾಲರಿಗಳಲ್ಲಿ ನಿಂತವರೆಲ್ಲ ಚಪ್ಪಾಳೆ ತಟ್ಟಿದರು. ಒಬ್ಬರ ಒಣಹಾಕಿದ ಬಿಳಿ ಅಂಗಿಗಳು ಕಪ್ಪಾದವು. ಅವರೂ ತಟ್ಟಿದರು. ಆ ಅಂಗಿಗಳನ್ನು ನಾನೇ ಒಗೆದುಕೊಟ್ಟೆ.

ಹೊರಡುವ ದಿನ ಶನಿವಾರ. ಭಾನುವಾರದಿಂದ ಟೆಂಪೋಗಳು. ಗಾಡಿಗೆ ಅರಿಶಿನ ಕುಂಕುಮ ಹಚ್ಚಿ, ಗಾಲಿಗೆ ಲಿಂಬೆಹಣ್ಣಿಟ್ಟೆವು. "ಹಳೇ ಜೀವ, ಮೊದಲನೇ ದಿನ ಭಾರ ಹಾಕೂದು ಬ್ಯಾಡ, ಹಗುರಾಗಿ ಹೋಗ್ಲಿ," ಎಂದು ನಾನು ಒಳಗಿದ್ದ ಹಲಗೆಯನ್ನೂ ತೆಗೆಸಿದ್ದೆ. ಸೊಸೆ ಮೆಲ್ಲಗೆ ಗೇಟಿನ ತನಕ ತಂದಳು. ಮೇಸ್ತ್ರಿ ಮುಂದೆ ನಡೆಯುತ್ತ ಬಾ ಬಾ ಎಂದು ಕೈ ಮಾಡುತ್ತಿದ್ದವರು ಥಟ್ಟನೆ ಎರಡೂ ಕೈ ಎತ್ತಿದರು.

ಗೇಟಿನ ಮೇಲೆ ಕಬ್ಬಿಣದ ಕಮಾನಿತ್ತು. ವ್ಯಾನು ನಿಂತ ಮೇಲೆ ಗಣಪತಿ ಹಬ್ಬಕ್ಕೆಂದು ಚಾಳಿನ ಹುಡುಗರು ಹಾಕಿಸಿದ್ದು. ವ್ಯಾನಿನ ತಲೆ ಅದಕ್ಕಿಂತ ಮೂರು ಬೆರಳು ಎತ್ತರ.

"ಹಳೇ ಪಟ್ಟಿ ಇದ್ದಿದ್ರ ಜಾರಿ ಹೋಗ್ತಿತ್ತು," ಎಂದು ಮೇಸ್ತ್ರಿ ನನಗೆ ಮಾತ್ರ ಕೇಳುವಂತೆ ಹೇಳಿದರು. ನನಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಕಮಾನು ಕತ್ತರಿಸುವಂತಿರಲಿಲ್ಲ. ಇಡೀ ಚಾಳಿನ ಕರೆಂಟಿನ ವಯರು ಅದರ ಮೇಲೇ ಹಾದು ಬಂದಿತ್ತು. ಗಾಲಿಗಳ ಗಾಳಿ ಬಿಟ್ಟೆವು. ಒಂದು ಬೆರಳು ಇಳಿಯಿತು. "ಇನ್ನ ಬಿಟ್ರ ಟ್ಯೂಬು ಹರೀತದ," ಎಂದರು ಮೇಸ್ತ್ರಿ. ಎರಡು ಬೆರಳು ಉಳಿಯಿತು. ಸೂಪರ್‌ವೈಜರ್ ಗಡಿಯಾರ ನೋಡಿದ. ವ್ಯಾನಿನ ಮೇಲಿನ ತಗಡು ಸ್ವಲ್ಪ ಕತ್ತರಿಸಿ, ಹಗ್ಗ ಹಾಕಿ ಎಳೆದರೆ ಹೇಗೆ, ಎಂದು ಕೇಳಿದ. ಅವನ ಆಳು ಹಗ್ಗ ತಂದು ಗೇಟಿನ ಪಕ್ಕ ಇಟ್ಟೂ ಬಿಟ್ಟ. ನೀಲಿ ನೈಲಾನ್ ಹಗ್ಗ. ನಾನು ಅದನ್ನೇ ನೋಡುತ್ತ ನಿಂತೆ. ಅಕ್ಕ ಇಡೀ ಬದುಕಿನಲ್ಲಿ ನನ್ನನ್ನು ಕೇಳಿದ್ದು ಅದೊಂದೇ. ನಾನೇ ಕೆಡಿಸಿದ್ದೆ.

ಮೂರನೇ ಮಾಳಿಗೆಯ ಗ್ಯಾಲರಿಯಿಂದ ಆಜಿಯ ದನಿ ಬಂತು.

"ಅರೇ ಮೂರ್ಖಾ! ನಿನ್ನ ತಾಈ ಎಂದಾದ್ರೂ ಖಾಲಿ ಗಾಡಿ ತಗೊಂಡು ಹೋಗಿದ್ಳು ಏನು?"

ಹನ್ನೊಂದು ಡಬ್ಬಿ ತುಂಬಿ ಕೊಟ್ಟವನು ನಾನೇ. ಆ ನೇಮ ವ್ಯಾನಿನದೂ ಹೌದು ಎಂಬುದನ್ನೇ ಮರೆತಿದ್ದೆ. ಮೇಸ್ತ್ರಿ ಹಣೆ ಚಚ್ಚಿಕೊಂಡರು. "ಯಾ ಅಲ್ಲಾ! ಭಾರ! ಭಾರ ಹಾಕಿದ್ರ ಪಟ್ಟಿ ಕೂಡ್ತಾವ!"

"ಏನು ಹಾಕೂದು ಚಾಚಾ? ರೊಟ್ಟಿ ಎಲ್ಲದಾವ?" ಎಂದಳು ಸೊಸೆ ಸ್ಟೀರಿಂಗಿನ ಹಿಂದಿನಿಂದ.

ಆಜಿ ಅಷ್ಟರಲ್ಲಿ ಮೆಟ್ಟಿಲು ಇಳಿಯುತ್ತಿದ್ದಳು. ಅವಳ ಹಿಂದೆ ಅವಳ ಸೊಸೆ, ಸೊಸೆಯ ಹಿಂದೆ ಬಿಳಿ ಅಂಗಿಯವರು, ಸೀಟು ಹೊಲಿದವರು, ಬಣ್ಣ ಕೊಟ್ಟವರು. ಆಜಿಯನ್ನು ಇಬ್ಬರು ಹಿಡಿದು ಹತ್ತಿಸಿದರು. "ದಪ್ಪನವರು ಮೊದಲು!" ಎಂದು ಯಾರೋ ಕೂಗಿದರು. ಎಂದೂ ತಾನು ದಪ್ಪ ಎಂದು ಒಪ್ಪದ ಒಬ್ಬ ಹೆಂಗಸು ಅಂದು ಎಲ್ಲರನ್ನೂ ಸರಿಸಿ ಮುಂದೆ ಬಂದಳು. ಒಬ್ಬೊಬ್ಬರು ಹತ್ತಿದಂತೆ ವ್ಯಾನು ಕಿರ್ ಎಂದು ಕೂರುತ್ತಿತ್ತು. ಮೇಸ್ತ್ರಿ ಕಮಾನಿನ ಕೆಳಗೆ ಬೆರಳಿಟ್ಟು ಅಳೆಯುತ್ತಿದ್ದರು. "ಇನ್ನ ಒಂದು ಬೆರಳು... ಇನ್ನ ಅರ್ಧ... ಸೂಪರ್‌ವೈಜರ್ ಸಾಹೇಬ್ರ, ನೀವೂ ಹತ್ರಿ!" ಕನ್ನಡ ತಿಳಿಯದಿದ್ದರೂ ಅವನು ಹತ್ತಿದ. ಹಗ್ಗ ಗೇಟಿನ ಪಕ್ಕದಲ್ಲೇ ಬಿದ್ದಿತ್ತು.

ನಾನು ಎಡಗಡೆಯ ಸೀಟಿನಲ್ಲಿ ಕೂತೆ. ಸೊಸೆ ಗೇರು ಹಾಕಿದಳು. ಕಮಾನು ಮೇಲೆ ಬಂದಾಗ ಒಳಗಿದ್ದವರೆಲ್ಲ ತಲೆ ಬಗ್ಗಿಸಿದರು, ಅದು ಅವರ ತಲೆಗೆ ತಗುಲುತ್ತದೆ ಎಂಬಂತೆ. ನಾನೂ ಬಗ್ಗಿಸಿದೆ. ಮೇಲೆ ಕರ್ರ್ ಎಂದು ಉದ್ದಕ್ಕೆ ಒಂದು ಸದ್ದು ಹರಿಯಿತು. ಆಮೇಲೆ ಬಿಸಿಲು. ನಾವು ರಸ್ತೆಯಲ್ಲಿದ್ದೆವು. ಒಳಗೆ ಎದ್ದ ಕೇಕೆಗೆ ಚಹಾದ ಗಾಡಿಯವನು ಕೈಯಲ್ಲಿದ್ದ ಗ್ಲಾಸು ಚೆಲ್ಲಿಕೊಂಡ.

ಗಾಳಿ ತುಂಬಿಸುವ ಅಂಗಡಿ ಬಂತು, ಇನ್ನು ಇಳಿಯಿರಿ ಎಂದೆ. ಯಾರೂ ಇಳಿಯಲಿಲ್ಲ. ಸ್ಟೇಷನ್ ತನಕ ಹೋಗೋಣ ಎಂದರು. ಮುಂದಿನ ವಾರ ಇವರೆಲ್ಲ ಬೇರೆ ಬೇರೆ ಕಡೆ ಬಾಡಿಗೆ ಮನೆಗಳಿಗೆ ಹೋಗುವವರು. ಅದು ಎಲ್ಲರಿಗೂ ಗೊತ್ತಿತ್ತು. ಗಾಳಿ ತುಂಬಿಸಿಕೊಂಡು ಸ್ಟೇಷನ್ ತನಕ ಹೋದೆವು. ಅಲ್ಲಿ ಒಬ್ಬೊಬ್ಬರೇ ಇಳಿದರು. ಒಬ್ಬೊಬ್ಬರು ಇಳಿದಂತೆ ವ್ಯಾನು ಸ್ವಲ್ಪ ಸ್ವಲ್ಪ ಮೇಲೇಳುತ್ತ ಹೋಯಿತು. ಅಕ್ಕ ಬುಟ್ಟಿ ಇಳಿಸಿ, ಸೊಂಟದ ಮೇಲೆ ಕೈಯಿಟ್ಟು, ಹೀಗೇ ನಿಧಾನವಾಗಿ ನೆಟ್ಟಗಾಗುತ್ತಿದ್ದಳು. ನಾನು ಆ ಕಡೆ ತಿರುಗಿ ನಿಂತು ಕಣ್ಣೊರೆಸಿಕೊಂಡೆ. ಮೇಸ್ತ್ರಿ ನೋಡಿಯೂ ನೋಡದವರ ಹಾಗೆ ಟಯರು ಒದ್ದು ನೋಡುತ್ತಿದ್ದರು.

ಮರಳಿ ವ್ಯಾನಿಗೆ ಬಂದು ನೋಡಿದರೆ ಆಜಿ ಹಿಂದೆ ಮಡಚಿದ ಗೋಣಿತಾಟಿನ ಮೇಲೆ ಕೂತೇ ಇದ್ದಳು.

"ಆಜಿ, ಇಳೀರಿ. ನಾವು ಮುಲುಂಡಿಗೆ ಹೊಂಟೇವಿ."

"ಗೊತ್ತು. ನಾ ಇಳಿದ್ರ ಗಾಡಿ ಮತ್ತ ಖಾಲಿ ಹೋಗ್ತದ. ನಿನ್ನ ತಾಈ ನನ್ನ ಬಿಡ್ತಾಳ ಏನು?"

ಸೆರಗಿನ ಕೆಳಗಿನಿಂದ ತನ್ನ ಸ್ಟೀಲಿನ ಡಬ್ಬಿ ತೆಗೆದು ತೊಡೆಯ ಮೇಲಿಟ್ಟುಕೊಂಡಳು. ಮುಚ್ಚಳ ತೆರೆದು ತೋರಿಸಿದಳು. ಚಟ್ನಿ ಮುಗಿದಿತ್ತು, ಡಬ್ಬಿ ತೊಳೆದು ಒರೆಸಿತ್ತು.

"ಮತ್ತ ಇದು?" ಎಂದೆ.

"ಮುಲುಂಡಿನಾಗ ಇದನ್ನ ತುಂಬಿ ಕಳಸ್ತೀರಲ್ಲಾ," ಎಂದು ಆಜಿ ಕಾಲು ಚಾಚಿ ಆರಾಮಾಗಿ ಒರಗಿದಳು. "ಈ ಸಲ ಖಾರ ಸ್ವಲ್ಪ ಕಡಿಮಿ ಹಾಕು."

ಸೊಸೆ ಹಾರ್ನು ಬಾರಿಸಿದಳು. ನಾನು ನನ್ನ ಸೀಟು ಹತ್ತಿದೆ. ಕುರ್ಲಾ ದಾಟುವ ಹೊತ್ತಿಗೆ ಮೊಣಕಾಲು ಬೆಚ್ಚಗಾಗಿತ್ತು.